ಚಲುವಮ್ಮನ ಬಿಲ್ಲೆ

ಕಮಿಷನ್ ಎಂಬ ಪದ ಕೇಳಿದರೆ ನಮ್ಮ ಯಜಮಾನರು ಶಿವಶಂಕರ್‌ಗೆ ಮೈ ಉರಿಯುತ್ತದೆ. ಹಾಲಿನ ಡೈರಿಯ ಕೆಲಸ ಮುಗಿಸಿಕೊಂಡು ಅವರು ಹಳೇ ಸಾಮಾನಿನ ವ್ಯಾಪಾರ ಮಾಡುತ್ತಾರೆ. ಪಾಂಡವಪುರದ ಸುತ್ತಮುತ್ತ ಯಾರಾದರೂ ಹಳೆಯ ಮನೆ ಕೆಡವಿದರೆ ಹೋಗಿ ಹಿತ್ತಾಳೆ ಹಂಡೆ, ಬೆಳ್ಳಿ ಕಡಗ, ಉಡಿದಾರ ಎಲ್ಲ ಕೊಂಡು ತಂದು ಆನ್‌ಲೈನ್ ಹರಾಜಿಗೆ ಹಾಕುತ್ತಾರೆ. ಆ ಹರಾಜಿನ ಆ್ಯಪ್‌ನವರು ಒಂದೊಂದು ಸಾಮಾನು ಹಾಕುವುದಕ್ಕೂ ಶುಲ್ಕ ಕೇಳುತ್ತಾರೆ, ಮಾರಾಟವಾದ ಮೇಲೆ ಬೆಲೆಯಲ್ಲೂ ಪಾಲು ಹಿಡಿಯುತ್ತಾರೆ. "ಮೂಟೆ ಒರೋನು ನಾನು, ಕುಂತಲ್ಲೇ ತಿನ್ನೋನು ಅವ್ನು" ಎಂದು ಇವರು ಹಲ್ಲು ಕಡಿಯುತ್ತಿದ್ದರು.

ಹಲ್ಲು ಕಡಿದು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಇವರ ತಲೆ ಓಡಿತು. ಸಾಮಾನನ್ನೆಲ್ಲ ಒಂದೇ ಗುಡ್ಡೆ ಮಾಡಿ ಫೋಟೊ ತೆಗೆದರೆ ಒಂದೇ ಶುಲ್ಕ. ಗುಡ್ಡೆಯ ನಡುವೆ ಫೋನ್ ನಂಬರ್ ಬರೆದ ಚೀಟಿ ಇಟ್ಟುಬಿಟ್ಟರೆ ಕೊಳ್ಳುವವನು ನೇರವಾಗಿ ಇವರಿಗೇ ಫೋನ್ ಮಾಡುತ್ತಾನೆ. ಬೆಲೆ ಕುದುರಿದ ಮೇಲೆ ಹರಾಜನ್ನು ರದ್ದು ಮಾಡಿ ಸಾಮಾನನ್ನು ಕೈಯಿಂದ ಕೈಗೆ ಕೊಟ್ಟರೆ ಆ್ಯಪ್‌ನವರಿಗೆ ಚಿಕ್ಕಾಸೂ ಇಲ್ಲ. ಇದನ್ನು ಕಂಡುಹಿಡಿದ ದಿನ ಇವರು ಮೈಸೂರ್ ಪಾಕ್ ತಂದಿದ್ದರು. ನಾನೂ ತಿಂದೆ.

ನಾನು ಈ ಮನೆಗೆ ಎರಡನೆಯವಳಾಗಿ ಬಂದವಳು. ಮೊದಲನೆಯವಳು ಚಲುವಮ್ಮ, ಮಗಳು ಅರ್ಪಿತ ಇನ್ನೂ ತೊದಲು ಮಾತಾಡುವಾಗ ಹಾವು ಕಚ್ಚಿ ತೀರಿಹೋದಳು. ತೀರಿಹೋದವಳ ಹೆಸರಿನ ಬೆಳ್ಳಿ ಬಿಲ್ಲೆಯೊಂದನ್ನು ಎರಡನೆಯವಳು ಕೊರಳಿಗೆ ಕಟ್ಟಿಕೊಳ್ಳುವುದು ನಮ್ಮ ಮನೆಗಳ ಪದ್ಧತಿ. ಅದರ ಮೇಲೆ ಹೆಣ್ಣಿನ ಮುಖ ಒತ್ತಿರುತ್ತದೆ. ಹೊಸದರಲ್ಲಿ ನನಗೆ ಸಿಟ್ಟಿತ್ತು. ಸವತಿಯನ್ನು ಕೊರಳಲ್ಲಿ ಹೊತ್ತು ತಿರುಗು ಎಂದರೆ ಯಾರಿಗೆ ತಾನೆ ಹಿಡಿಸೀತು? ಆದರೆ ಅರ್ಪಿತ ನನ್ನ ಮಡಿಲಿಗೆ ಬಂದದ್ದೇ ಆ ಬಿಲ್ಲೆಗಾಗಿ. "ನಿಮ್ಮವ್ವ ಇದ್ರೊಳ್ಗವ್ಳೆ ಕಣವ್ವ" ಎಂದು ಯಾರೋ ಹೇಳಿಕೊಟ್ಟಿದ್ದರು. ಬಿಲ್ಲೆ ಹಿಡಿದುಕೊಂಡು ಶಾಲೆಯ ಕಥೆಯನ್ನೆಲ್ಲ ಅದಕ್ಕೆ ಹೇಳುತ್ತ ಹೇಳುತ್ತ ನನ್ನ ಎದೆಯ ಮೇಲೇ ನಿದ್ದೆ ಹೋಗುತ್ತಿದ್ದಳು. ನನಗೆ ಬೇರೆ ಮಕ್ಕಳಾಗಲಿಲ್ಲ, ಬೇಕು ಅಂತಲೂ ಅನ್ನಿಸಲಿಲ್ಲ. ಬರುಬರುತ್ತ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ನಾನೂ ಚಲುವಮ್ಮನ ಜೊತೆ ಮಾತಾಡತೊಡಗಿದೆ.

ನಾಗಮಂಗಲದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಅರ್ಪಿತಳಿಗೆ ಈ ವರ್ಷ ಮದುವೆ ಗೊತ್ತಾಯಿತು. ಮೊದಲ ಲಗ್ನಪತ್ರಿಕೆಯನ್ನು ಬಿಲ್ಲೆಗೆ ಮುಟ್ಟಿಸಿ ಅವ್ವನನ್ನು ಕರೆದು, ಆಮೇಲೆ ಮಿಕ್ಕವರನ್ನು ಕರೆಯುವುದೆಂದು ಅವಳೇ ಹೇಳಿದ್ದಳು. ಅಷ್ಟರಲ್ಲಿ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ನರ್ಸಮ್ಮ ಒಡವೆಯನ್ನೆಲ್ಲ ಬಿಚ್ಚಿಸಿ ಯಜಮಾನರ ಕೈಗೆ ಕೊಟ್ಟರು. ಮನೆಗೆ ಬಂದ ದಿನವೇ ತಾಳಿ ಹಾಕಿಕೊಂಡೆ. ಬಿಲ್ಲೆಯನ್ನು ಮಾತ್ರ ತಲೆಗೆ ನೀರು ಹಾಕಿಕೊಂಡೇ ಕಟ್ಟಬೇಕು. ಹೊಲಿಗೆ ಬಿಚ್ಚುವವರೆಗೆ ಸ್ನಾನ ಬೇಡ ಎಂದಿದ್ದರು ಡಾಕ್ಟರು. "ಬೀರುನಲ್ಲಿ ಬದ್ರವಾಗಿ ಅದೆ, ಸುಮ್ಕಿರು" ಎಂದರು ಇವರು. ಆ ಬೀರುವಿನಲ್ಲಿ ಬೀಗ ಹಾಕುವಂಥ ಡಬ್ಬಿ ಇದ್ದದ್ದು ಒಂದೇ, ಹರಾಜಿನ ಬೆಳ್ಳಿಯದು.

ಹೊಲಿಗೆ ಬಿಚ್ಚಿಸಿಕೊಂಡು, ತಲೆಗೆ ನೀರು ಹಾಕಿಕೊಂಡು, ಅರಿಸಿನ ಹಚ್ಚಿದ ದಾರ ಹಿಡಿದು ಡಬ್ಬಿ ತೆಗೆದೆ. ಖಾಲಿ.

"ಬೆಳ್ಳಿ ಎಲ್ಲೋಯ್ತು?"

"ಮಾರಾಯ್ತಲ್ಲ. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಲ್ಲಿ ಕೊಟ್ಬುಟ್ಟು ಬಂದೆ" ಎಂದರು. ನನ್ನ ಕೈಯಲ್ಲಿದ್ದ ದಾರ ನೋಡಿದರು. ಮುಖ ಬಿಳಿಚಿಕೊಂಡಿತು. "ಅದೂ ಅದ್ರಲ್ಲೇ ಇತ್ತು ಕಣಮ್ಮಿ."

ಅವರ ಫೋನಿನಲ್ಲಿದ್ದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಉಡಿದಾರ, ಕಡಗಗಳ ನಡುವೆ, ನಂಬರಿನ ಚೀಟಿಯ ಮಗ್ಗುಲಲ್ಲೇ ಚಲುವಮ್ಮ ಇದ್ದಳು.

ಕೊಂಡವನ ಫೋನ್ ಸ್ವಿಚ್ ಆಫ್. ಹೆಸರು ಗೊತ್ತಿಲ್ಲ, ಊರು ಕೇಳಿಲ್ಲ. ಹೆಲ್ಮೆಟ್ ಕೂಡ ತೆಗೆಯದೆ ದುಡ್ಡು ಕೊಟ್ಟು ಹೋದನಂತೆ. ಆ್ಯಪ್‌ನ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದಲೇ ಮಾತಾಡಿದಳು. "ನಮ್ಮ ಮೂಲಕ ಮಾರಿದ್ದರೆ ಕೊಂಡವರ ವಿಳಾಸ ಇರ್ತಿತ್ತು ಸರ್, ವಾಪಸ್ ಕೇಳಬಹುದಿತ್ತು. ನೀವು ಹರಾಜು ರದ್ದು ಮಾಡಿದ್ದೀರ. ನಿಮ್ಮಿಂದ ಕಮಿಷನ್ ಕೂಡ ಹಿಡಿದಿಲ್ಲ."

"ಕಮಿಷನ್ ಈಗ್ಲೇ ಕಟ್ತೀನಿ ಕಣವ್ವ. ಎರಡರಷ್ಟು ಬೇಕಾರೂ ತಗೊ" ಎಂದು ಇವರು ಗೋಗರೆದರು. ಅವಳು ಕ್ಷಮೆ ಕೇಳಿ ಫೋನ್ ಇಟ್ಟಳು.

ಸಂಜೆಯವರೆಗೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದವರು ಎದ್ದು ಬಂದು, "ಅಂಥದ್ದೇ ಒಂದು ಮಾಡಿಸ್ಬುಡಾನ. ಮಗೀಗೆ ಗೊತ್ತಾಗಾಕಿಲ್ಲ" ಎಂದರು.

"ಆ ಬಿಲ್ಲೆ ಕಟ್ಕೊಂಡು ನಾನು ಅವಳ ಮುಂದೆ ನಿಂತ್ಕಬೇಕಾ? ನನ್ ಕೈಲಾಗಾಕಿಲ್ಲ" ಎಂದೆ. ಇವರ ಮೇಲೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಭಾನುವಾರ ಅರ್ಪಿತ ಬಂದಳು. ಕೈಕಾಲು ತೊಳೆದು, ಪತ್ರಿಕೆಯ ಮೂಲೆಗೆ ಅರಿಸಿನ ಕುಂಕುಮ ಹಚ್ಚಿಕೊಂಡು ನನ್ನ ಕೊರಳಿಗೆ ಕೈ ಹಾಕಿದಳು. ತಾಳಿಯನ್ನು ಸರಿಸಿ ಹುಡುಕಿದಳು. ನಾನು ಎಲ್ಲವನ್ನೂ ಹೇಳಿದೆ.

"ಅಪ್ಪ ಎಷ್ಟು ಉಳಿಸ್ತು?" ಎಂದಳು.

ಹೇಳಿದೆ. ಅವಳ ಧಾರೆ ಸೀರೆಗೆ ಕುಚ್ಚು ಕಟ್ಟಿಸಿದ ಕೂಲಿಯಷ್ಟು.

ಅವಳು ಅಳಲಿಲ್ಲ. ಅತ್ತಿದ್ದರೆ ತಬ್ಬಿಕೊಳ್ಳುತ್ತಿದ್ದೆ. "ನಿಂದೇನೂ ತಪ್ಪಿಲ್ಲ ಬುಡು" ಎಂದು ಪತ್ರಿಕೆಯನ್ನು ಬ್ಯಾಗಿಗೆ ಸೇರಿಸಿ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟಳು. ಮಾರನೆಯ ವಾರ ಸಂತೆಬಾಚಹಳ್ಳಿಯಿಂದ ಚಲುವಮ್ಮನ ಅಕ್ಕ ದೊಡ್ಡತಾಯಮ್ಮನ ಫೋನ್ ಬಂತು. ಧಾರೆಯನ್ನು ತಾನೂ ತನ್ನ ಗಂಡನೂ ಎರೆಯುತ್ತೇವೆ ಎಂದರು. "ಮಗಿನಾಸೆ ಕಣವ್ವ, ಬ್ಯಾಸರ ಮಾಡ್ಕಬ್ಯಾಡ" ಎಂದರು.

ಕೆ.ಆರ್. ಪೇಟೆಯ ಛತ್ರದಲ್ಲಿ ಮದುವೆಯಾಯಿತು. ನಾವಿಬ್ಬರೂ ನೆಂಟರ ಹಾಗೆ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದೆವು. ಯಜಮಾನರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ಧಾರೆಯ ಹಾಲು ಬೀಳುವಾಗ ಅರ್ಪಿತ ತಲೆ ಎತ್ತಿ ನನ್ನ ಕಡೆ ನೋಡಿದಳು. ಅವಳ ಕಣ್ಣು ನನ್ನ ಕೊರಳಿನ ಮೇಲೆ ನಿಂತು, ಹಾಗೇ ಮುಂದಕ್ಕೆ ಹೋಯಿತು. ನಿನ್ನ ಮಗಳ ಧಾರೆ ಕಣಕ್ಕ, ನೋಡು ಎಂದು ಹೇಳಬೇಕೆನಿಸಿತು. ಹೇಳಲು ಚಲುವಮ್ಮ ಎಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ.