ನೂರ ಅರವತ್ತೊಂದನೇ ಪುಟ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಮತ್ತೆ ಬೆನ್ನು ಕಟ್ಟುವ ಕೆಲಸ ರಟ್ಟಣ್ಣನದು. ಮೂವತ್ತೊಂದು ವರ್ಷ ರಟ್ಟು ಕತ್ತರಿಸಿ, ಅಂಟು ಬಳಿದು, ದಾರ ಎಳೆದು ಅವನ ಬೆರಳ ತುದಿಗಳು ನುಣ್ಣಗಾಗಿದ್ದವು. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕೋಪ ಬಂದಾಗ ಹೆಂಡತಿಯೂ ರಟ್ಟಣ್ಣ ಎಂದೇ ಕರೆಯುತ್ತಿದ್ದಳು.

ಇಂಥ ಮನುಷ್ಯ ಒಂದು ಪುಸ್ತಕವನ್ನೂ ಪೂರ್ತಿ ಓದಿದವನಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ನಿಜ ಅದೇ. ಯಾರಾದರೂ ಕೆದಕಿ ಕೇಳಿದರೆ, "ನಾನು ಪುಸ್ತಕದ ಬೆನ್ನು ನೋಡೋನು, ಮುಖ ನೋಡೋದು ನಿಮ್ಮ ಕೆಲಸ" ಎಂದು ನಕ್ಕು ಜಾರಿಕೊಳ್ಳುತ್ತಿದ್ದ. ಅವನು ನೋಡುತ್ತಿದ್ದದ್ದು ಪುಟದ ಅಡಿಯ ಅಂಕಿ ಮಾತ್ರ. ಹದಿನಾರು ಪುಟಕ್ಕೆ ಒಂದು ಫಾರಂ, ಫಾರಂ ಮೇಲೆ ಫಾರಂ ಜೋಡಿಸು, ಅಂಕಿ ಸರಿಯಾಗಿದೆಯೇ ನೋಡು, ಹೊಲಿ. ಮೇಲೆ ಏನು ಬರೆದಿದೆ ಎನ್ನುವುದನ್ನು ಕಟ್ಟಿಕೊಂಡು ಅವನಿಗೇನಾಗಬೇಕು?

ಆದರೆ ಒಂದು ಪುಸ್ತಕದ ವಿಷಯದಲ್ಲಿ ಅವನು ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡಿದ್ದ. ಅದು ಅವನ ಅತ್ತೆಯ ಪುಸ್ತಕ.

ಅತ್ತೆ ಎಂದರೆ ತಂದೆಯ ಅಕ್ಕ. ತಂದೆ ತಾಯಿ ಬೇಗ ಹೋದ ಮೇಲೆ ಇವನನ್ನು ಸಾಕಿ, ಬೈದು, ಬೆಳೆಸಿದವಳು ಅವಳೇ. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ನಕ್ಷೆಯಲ್ಲಿ ಕಂಡ ಒಂದು ದೂರದ ನಾಡಿನ ಮೇಲೆ ಮನಸ್ಸಾಗಿ ಅಲ್ಲಿನ ಭಾಷೆಯನ್ನು ಒಬ್ಬಳೇ ಕೂತು ಕಲಿತಳು. ಆಮೇಲೆ ಆ ಭಾಷೆಯ ಒಂದು ಉದ್ದನೆಯ ಕಥನಕಾವ್ಯವನ್ನು ಹದಿನಾಲ್ಕು ವರ್ಷ ಹಿಡಿದು ಸಾಲಿಗೆ ಸಾಲಾಗಿ ಕನ್ನಡಕ್ಕೆ ತಂದಳು. ಏಳು ಹೊಳೆಗಳ ಆಚೆ ಮದುವೆಯಾಗಿ ಹೋದ ಒಡಹುಟ್ಟಿದವಳನ್ನು ನೋಡಲು ಹೊರಟ ಒಬ್ಬ ಕುಂಬಾರನ ಕಥೆ ಅದು. ಅತ್ತೆಯ ಪುಸ್ತಕ ಅಚ್ಚಾಗುವ ಮೂರು ತಿಂಗಳ ಮುಂಚೆ, ಅದೇ ಕಾವ್ಯವನ್ನು ಒಬ್ಬ ರೈಲ್ವೆ ಗಾರ್ಡು ಅನುವಾದಿಸಿ, ಅದೇ ಮುದ್ರಣಾಲಯದಲ್ಲಿ, ಅದೇ ಹೆಸರಿನಲ್ಲಿ ಅಚ್ಚು ಹಾಕಿಸಿಬಿಟ್ಟ. ಅವತ್ತಿನಿಂದ ಅತ್ತೆಯ ಬಾಯಲ್ಲಿ ಅವನು "ಆ ಮನುಷ್ಯ". ಆ ಮನುಷ್ಯ ತೀರಿಕೊಂಡು ಐದು ವರ್ಷವಾಗಿದ್ದರೂ ಅವಳು ಆ ಪುಸ್ತಕವನ್ನು ಮುಟ್ಟಿರಲಿಲ್ಲ.

ಪುಸ್ತಕ ಬಂದ ದಿನ ಅತ್ತೆ ರಟ್ಟಣ್ಣನಿಗೆ ಮೊದಲ ಪ್ರತಿ ಕೊಟ್ಟಿದ್ದಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, ಹೊಲಿಗೆ ಪರವಾಗಿಲ್ಲ ಎಂದುಕೊಂಡು ಕಪಾಟಿನಲ್ಲಿಟ್ಟ. ತಿಂಗಳು ಬಿಟ್ಟು ಅವಳು ಕೇಳಿದಾಗ, "ಓದಿದೆ ಅತ್ತೆ, ಎರಡು ಸಲ" ಎಂದ. ಒಂದು ಸಲ ಎಂದಿದ್ದರೂ ಆಗುತ್ತಿತ್ತು. ಸುಳ್ಳಿಗೆ ಸ್ವಲ್ಪ ಬಿಗಿ ಇರಲಿ ಎಂದು ಎರಡು ಮಾಡಿದ. ಆಮೇಲೆ ಯಾರೋ ನೆಂಟರು ಓದಿ ಕೊಡುತ್ತೇವೆಂದು ಅದನ್ನು ಒಯ್ದಾಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಅತ್ತೆಯ ಹತ್ತಿರ ಇದ್ದ ಪ್ರತಿಗಳೂ ಹೀಗೇ ಒಂದೊಂದಾಗಿ ನೆಂಟರ ಪಾಲಾದವು.

ಈಗ ಇಷ್ಟು ವರ್ಷದ ಮೇಲೆ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಆರು ವಾರ ಏನೂ ಓದಕೂಡದು ಎಂದರು ಡಾಕ್ಟರು. ಅತ್ತೆ ಕಪ್ಪು ಕನ್ನಡಕ ಏರಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, "ನನ್ನ ಪುಸ್ತಕವನ್ನೇ ನನಗೆ ಓದಿ ಹೇಳೋ, ದಿನಾ ಸಂಜೆ. ನಿನಗೆ ಗೊತ್ತಿರೋ ಕಥೆ, ಕಷ್ಟ ಏನಿಲ್ಲ" ಎಂದಳು. ಇವನು ಆಗಲಿ ಎಂದ.

ಸುದೈವಕ್ಕೆ ಗ್ರಂಥಾಲಯದಲ್ಲಿ ಒಂದು ಪ್ರತಿ ಉಳಿದಿತ್ತು. ಹಿಂದಿನ ತಿಂಗಳಷ್ಟೇ ನೀರಿನ ಪೈಪು ಒಡೆದು ಒಂದು ಕಪಾಟು ತೊಯ್ದಿದ್ದಾಗ, ಅದನ್ನು ಬಿಚ್ಚಿ ಒಣಗಿಸಿ ಹೊಸದಾಗಿ ಹೊಲಿದವನು ಅವನೇ. ನೀಲಿ ಬಟ್ಟೆಯ ಹೊದಿಕೆ ಕನ್ನಡಿಯ ಹಾಗೆ ಕೂತಿತ್ತು. ಹೆಮ್ಮೆಯಿಂದಲೇ ಬಗಲಲ್ಲಿಟ್ಟುಕೊಂಡು ಹೋದ.

ಮೊದಲ ಸಂಜೆ ತಡವರಿಸಿದ. ಸಾಲು ಎಲ್ಲಿ ಮುರಿಯಬೇಕೋ ಅಲ್ಲಿ ಓಡಿದ, ಓಡಬೇಕಾದಲ್ಲಿ ಕೆಮ್ಮಿದ. ಮೂರನೇ ಸಂಜೆಯ ಹೊತ್ತಿಗೆ ನಾಲಿಗೆಗೆ ದಾರಿ ಸಿಕ್ಕಿತು. ಅತ್ತೆಯ ಸಾಲುಗಳು ತಾವೇ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದವು. ಆಮೇಲೆ ನಡೆದದ್ದು ಅವನಿಗೇ ಆಶ್ಚರ್ಯ. ಸಂಜೆ ಐದಾಗುವುದನ್ನೇ ಕಾಯತೊಡಗಿದ. ಅಂಟು ಕಲಸುವಾಗ ಕುಂಬಾರ ಈಗ ಎಲ್ಲಿಗೆ ಮುಟ್ಟಿರಬಹುದು ಎಂದು ಯೋಚಿಸುತ್ತಿದ್ದ, ಪುಸ್ತಕ ಅತ್ತೆಯ ಮನೆಯಲ್ಲೇ ಇರುತ್ತಿದ್ದರಿಂದ ಮುಂದಿನದನ್ನು ಕದ್ದು ನೋಡುವಂತೆಯೂ ಇರಲಿಲ್ಲ. ನಾಲ್ಕನೇ ಹೊಳೆಯಲ್ಲಿ ಮುದಿ ಅಂಬಿಗ ಕುಂಬಾರನನ್ನು ದಡ ಮುಟ್ಟಿಸಿ ದೋಣಿಯಲ್ಲೇ ತಲೆ ಒರಗಿಸಿದಾಗ, ಇವನು ಪುಸ್ತಕ ಕೆಳಗಿಳಿಸಿ, "ಅಯ್ಯೋ, ಸತ್ತೇಹೋದನಾ?" ಎಂದು ಕೇಳಿಬಿಟ್ಟ.

"ಹೂಂ, ಸತ್ತ" ಎಂದಳು ಅತ್ತೆ, ಕನ್ನಡಕ ಸರಿಮಾಡಿಕೊಳ್ಳುತ್ತ. "ಮುಂದೆ ಓದು."

ಮಾರನೇ ದಿನ ಮಧ್ಯಾಹ್ನ ಎದುರು ಬೀದಿಯ ಕ್ಷೌರಿಕ ನೆಲಮಾಳಿಗೆಗೆ ಇಳಿದು ಬಂದ. ಅವನು ಪುಸ್ತಕದ ಹುಚ್ಚಿನವ. ಕುರ್ಚಿಯಲ್ಲಿ ಕೂತ ಗಿರಾಕಿಗೆ ಸೋಪು ಹಚ್ಚಿ, ಗಡ್ಡ ನೆನೆಯುವವರೆಗೂ ನಾಲ್ಕು ಸಾಲು ಗಟ್ಟಿಯಾಗಿ ಓದಿ, ಆಮೇಲೆ ಕತ್ತಿ ಹಿಡಿಯುವುದು ಅವನ ಪದ್ಧತಿ. ಗಿರಾಕಿಗಳು ಕಥೆಯ ಮುಂದಿನ ಭಾಗಕ್ಕೋಸ್ಕರ ದಿನ ಬಿಟ್ಟು ದಿನ ಗಡ್ಡ ಹೆರೆಸಿಕೊಳ್ಳಲು ಬರುತ್ತಾರೆಂದು ಬೀದಿಯಲ್ಲೆಲ್ಲ ತಮಾಷೆ. ಅವನ ಕೈಯಲ್ಲಿ ಗ್ರಂಥಾಲಯದಿಂದ ಒಯ್ದ ಒಂದು ಕಂದು ಹೊದಿಕೆಯ ಪುಸ್ತಕವಿತ್ತು.

"ಅಣ್ಣ, ಈ ಪುಸ್ತಕಕ್ಕೆ ಏನೋ ಆಗಿದೆ. ಅರ್ಧದವರೆಗೂ ಆ ಹುಡುಗಿ ಅವನ ತಂಗಿ. ಪುಟ ತಿರುಗಿಸ್ತೀನಿ, ಅಕ್ಕ ಆಗಿಬಿಟ್ಟಿದ್ದಾಳೆ. ಗಿರಾಕಿಗಳು ನನ್ನನ್ನ ಬಿಡ್ತಿಲ್ಲ. ನಿದ್ದೆಗಣ್ಣಲ್ಲಿ ಓದ್ತಿದ್ದೀಯಾ ಅಂತ ಕೇಳ್ತಾರೆ."

"ಪುಸ್ತಕ ಬರೆದೋರನ್ನ ಕೇಳು, ನಾನೇನು ಮಾಡ್ಲಿ" ಎಂದ ರಟ್ಟಣ್ಣ, ತಲೆ ಎತ್ತದೆ.

"ಅದೊಂದೇ ಅಲ್ಲ. ಅಲ್ಲಿವರೆಗೂ ಪದ್ಯ ಪಾಪ ಮಾತಾಡ್ಕೊಂಡು ನಡ್ಕೊಂಡು ಬರ್ತಿತ್ತು. ಆ ಪುಟದಿಂದ ಕುಣಿಯೋಕೆ ಶುರು ಮಾಡ್ತು. ಎರಡೂ ಚೆನ್ನಾಗೇ ಇದೆ ಅನ್ನು. ಆದ್ರೆ ಒಬ್ಬನೇ ಮನುಷ್ಯ ಹಾಗೆ ದಾರಿ ಮಧ್ಯೆ ಕಾಲು ಬದಲಾಯಿಸ್ತಾನಾ?"

"ಯಾವ ಪುಟ?"

"ನೂರ ಅರವತ್ತೊಂದು."

ರಟ್ಟಣ್ಣನ ಕೈಯಲ್ಲಿದ್ದ ದಬ್ಬಣ ಮೇಜಿನ ಮೇಲೆ ಉರುಳಿತು. ನೂರ ಅರವತ್ತು ಎಂದರೆ ಸರಿಯಾಗಿ ಹತ್ತು ಫಾರಂ. ಕಂದು ಪುಸ್ತಕ ತೆರೆದು ಆ ಪುಟ ಓದಿದ. ಎರಡು ಸಾಲು ಸಾಕಾಯಿತು. ಹತ್ತು ಸಂಜೆ ಬಾಯಲ್ಲಿ ಆಡಿಸಿದ ನಡೆ ಅದು, ಅತ್ತೆಯದು. ಹಿಂದಿನ ಪುಟ ಆ ಮನುಷ್ಯನದು.

ಏನಾಯಿತೆಂದು ಹೊಳೆಯಲು ತಡವಾಗಲಿಲ್ಲ. ಪೈಪು ಒಡೆದಾಗ ಎರಡೂ ಪುಸ್ತಕ ತೊಯ್ದಿದ್ದವು. ಎರಡನ್ನೂ ಬಿಚ್ಚಿ, ಫಾರಂಗಳನ್ನು ಹಗ್ಗದ ಮೇಲೆ ಒಣಹಾಕಿದ್ದ. ಒಂದೇ ಅಚ್ಚು, ಒಂದೇ ಕಾಗದ, ಒಂದೇ ಹೆಸರು. ಇಬ್ಬರೂ ಮೂಲಕ್ಕೆ ಸಾಲಿಗೆ ಸಾಲು ಹಿಡಿದದ್ದರಿಂದ ಪುಟಗಳೂ ಒಂದೇ. ಎರಡಕ್ಕೂ ಹತ್ತು ಹತ್ತು ಫಾರಂ ಜೋಡಿಸಿ ಊಟಕ್ಕೆ ಎದ್ದು ಹೋಗಿದ್ದ. ಬಂದು ಉಳಿದವನ್ನು ಅಂಕಿ ನೋಡಿ ಕೂಡಿಸಿದ. ಅಂಕಿ ಸರಿಯಾಗಿಯೇ ಇತ್ತು, ಎರಡು ಪುಸ್ತಕದ ಉತ್ತರಾರ್ಧಗಳು ಅದಲುಬದಲಾಗಿದ್ದವು. ಒಂದೇ ಒಂದು ಸಾಲು ಓದಿದ್ದರೆ ಗೊತ್ತಾಗುತ್ತಿತ್ತು.

ಅತ್ತೆಯ ಮನೆಯಲ್ಲಿದ್ದ ನೀಲಿ ಪುಸ್ತಕದಲ್ಲಿ ಇವತ್ತು ಸಂಜೆ ಓದಬೇಕಾದದ್ದು ನೂರ ನಲವತ್ತೆಂಟನೇ ಪುಟದಿಂದ. ಅಂದರೆ ಇವತ್ತೇ ಆ ಮನುಷ್ಯನ ಸಾಲು ಇವನ ಬಾಯಿಂದ ಹೊರಬೀಳುತ್ತದೆ. ಅತ್ತೆಗೆ ಮೊದಲ ಪದಕ್ಕೇ ತಿಳಿಯುತ್ತದೆ. ಎರಡು ಸಲ ಓದಿದವನಿಗೆ ಹೊಲಿಯುವಾಗ ಹೇಗೆ ತಿಳಿಯಲಿಲ್ಲ ಎಂದು ಕೇಳುತ್ತಾಳೆ. ಅವಳ ಹದಿನಾಲ್ಕು ವರ್ಷದ ದುಡಿಮೆಯನ್ನು ಸಾಕಿದ ಮಗನೇ ತೆರೆದು ನೋಡಿಲ್ಲವೆಂದು ಈ ವಯಸ್ಸಿನಲ್ಲಿ, ಕಣ್ಣಿನ ಪಟ್ಟಿ ಬಿಚ್ಚಿದ ಹೊಸದರಲ್ಲಿ, ಅವಳಿಗೆ ಗೊತ್ತಾಗಬೇಕೆ? ರಟ್ಟಣ್ಣನಿಗೆ ತನ್ನ ಹೆಸರು ಕೆಡುವ ಚಿಂತೆಗಿಂತ ಇದೇ ದೊಡ್ಡದಾಯಿತು.

"ಇದನ್ನ ಇಲ್ಲೇ ಬಿಟ್ಟು ಹೋಗು, ಸರಿಮಾಡಿ ಕೊಡ್ತೀನಿ" ಎಂದ.

"ನಾಳೆ ಬೇಕಣ್ಣ. ಕುಂಬಾರ ಹೊಳೆ ದಡದಲ್ಲಿ ನಿಂತಿದ್ದಾನೆ, ಅರ್ಧ ಬೀದಿಗೆ ಗಡ್ಡ ಬಂದಿದೆ" ಎಂದು ಕ್ಷೌರಿಕ ಮೆಟ್ಟಿಲು ಹತ್ತಿದ.

ಉಪಾಯ ಸುಲಭವಾಗಿತ್ತು. ಅತ್ತೆಗೆ ಈಗ ಕಣ್ಣು ಸರಿಯಾಗಿ ಕಾಣದು. ನೂರ ಅರವತ್ತರವರೆಗೆ ನೀಲಿ ಪುಸ್ತಕ, ಅಲ್ಲಿಂದಾಚೆ ಕಂದು ಪುಸ್ತಕ. ಹಾವೂ ಸಾಯದು, ಕೋಲೂ ಮುರಿಯದು ಎಂಬಂತೆ ಕೆಲಸ ಮುಗಿಯುತ್ತದೆ. ಕಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಸಂಜೆಯ ಬಿಸಿಲು ಅತ್ತೆಯ ಪಾದದವರೆಗೂ ಬಂದಿತ್ತು. ಗೋಡೆಯ ತುಂಬ ನಕ್ಷೆಗಳು. ರಟ್ಟಣ್ಣ ಕೂತು ಓದಿದ. ಕುಂಬಾರ ಅಂಬಿಗನನ್ನು ಮಣ್ಣು ಮಾಡಿ, ಕಾಡು ದಾಟಿ, ಐದನೇ ಹೊಳೆಯ ಎದುರು ಬಂದು ನಿಂತ. ಪುಟ ನೂರ ಅರವತ್ತು ಮುಗಿಯಿತು. ಮೆಲ್ಲಗೆ ನೀಲಿ ಪುಸ್ತಕ ತೊಡೆಯ ಮೇಲಿಟ್ಟು ಕಂದು ಪುಸ್ತಕ ಬಿಡಿಸಿದ. ಹೊಸ ಬೆನ್ನು ಸ್ವಲ್ಪ ಕಿರುಗುಟ್ಟಿತು. ಕೆಮ್ಮಿ ಶುರು ಮಾಡಿದ:

"ಹರಿವ ಹೊಳೆಯೆ, ಹರಿವ ಹೊಳೆಯೆ, ನಿಲ್ಲು ಒಂದು ಗಳಿಗೆ,
ದೋಣಿಯಿಲ್ಲ, ಹುಟ್ಟು ಇಲ್ಲ, ಅಕ್ಕ ಅತ್ತ ದಡಕೆ..."

ತಲೆ ಎತ್ತಿದರೆ ಅತ್ತೆಯ ತುಟಿಗಳು ಅಲುಗುತ್ತಿದ್ದವು. ಅವನು ಬೇಕೆಂದೇ ಸಾಲಿನ ನಡುವೆ ನಿಲ್ಲಿಸಿದ. ತುಟಿಗಳು ನಿಲ್ಲಲಿಲ್ಲ. ಇವನಿನ್ನೂ ಓದಿರದ ಮುಂದಿನ ಸಾಲನ್ನು ಅವು ಆಗಲೇ ಮುಗಿಸಿ, ಅದರ ಮುಂದಿನದಕ್ಕೆ ಹೋಗಿದ್ದವು.

"ಅತ್ತೆ, ನಿಮಗೆ ಇದೆಲ್ಲ ಬಾಯಿಪಾಠ ಇದೆಯಾ?"

"ಹದಿನಾಲ್ಕು ವರ್ಷ ಜಗಿದಿದ್ದೀನಿ ಕಣೋ, ಇಲ್ದೆ ಏನು."

"ಮತ್ತೆ ನಾನು ಯಾಕೆ ಓದ್ಬೇಕಿತ್ತು?"

"ನಾನು ಕೇಳ್ಲಿ ಅಂತಲ್ಲ, ನೀನು ಓದ್ಲಿ ಅಂತ" ಎಂದಳು ಅತ್ತೆ. "ಎರಡು ಸಲ ಓದಿದೆ ಅಂದ್ಯಲ್ಲ, ಅವತ್ತೇ ಗೊತ್ತಾಗಿತ್ತು. ಓದಿದೋರು ಯಾರೂ ಲೆಕ್ಕ ಹೇಳಲ್ಲ, ಅಂಬಿಗನ ಸುದ್ದಿ ಎತ್ತುತ್ತಾರೆ. ಹೇಗಾದ್ರೂ ಒಂದು ಸಲ ನಿನ್ನ ಕೈಲಿ ಓದಿಸಬೇಕು ಅಂತ ಇತ್ತು. ಕಣ್ಣಿನ ನೆಪ ಸಿಕ್ತು."

ರಟ್ಟಣ್ಣನಿಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಕಣ್ಣು ತುಂಬಿತು, ಅದನ್ನು ಅವನು ಮುಚ್ಚಿಡಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ, ಪೈಪು, ಹಗ್ಗ, ಫಾರಂ, ಕ್ಷೌರಿಕ, ಚೀಲದಲ್ಲಿ ತಂದ ಪುಸ್ತಕ. "ತಪ್ಪಾಯ್ತು ಅತ್ತೆ. ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತಿರ್ಲಿಲ್ಲ. ದಿನಾ ಸಂಜೆ ಆಗೋದನ್ನೇ ಕಾಯ್ತಿದ್ದೆ, ಆಣೆ ಮಾಡಿ ಹೇಳ್ತೀನಿ."

ಅತ್ತೆ ಬೈಯುತ್ತಾಳೆಂದು ಕಾದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಿಗೆ ನೀರು ತಾಕಿಸಬಾರದೆಂದು ಡಾಕ್ಟರು ಹೇಳಿದ್ದನ್ನು ಅವನು ಎರಡು ಸಲ ನೆನಪಿಸಬೇಕಾಯಿತು.

"ಅಂದ್ರೆ ನನ್ನ ಕುಂಬಾರನ್ನ ಹೊಳೆ ದಾಟಿಸೋಕೆ ಆ ಮನುಷ್ಯ ಬಂದು ನಿಂತಿದ್ದಾನೆ" ಎಂದಳು ಸುಧಾರಿಸಿಕೊಂಡು. ಆಮೇಲೆ, ಬೇರೆಲ್ಲೋ ನೋಡುವವಳಂತೆ ಮುಖ ತಿರುಗಿಸಿ, "ಎಲ್ಲಿ, ಓದು ಅದನ್ನ. ಅದೊಂದು ನನಗೆ ಬಾಯಿಪಾಠ ಇಲ್ಲ" ಎಂದಳು.

ರಟ್ಟಣ್ಣ ನೀಲಿ ಪುಸ್ತಕ ಎತ್ತಿಕೊಂಡು ನೂರ ಅರವತ್ತೊಂದನೇ ಪುಟ ತಿರುವಿದ. ಇದನ್ನು ಹಾಡಿದರೆ ಆಗದು, ಮಾತಿನ ಹಾಗೆ ಹೇಳಬೇಕು ಎಂದು ನಾಲಿಗೆಗೆ ತಾನೇ ತಿಳಿಯಿತು.

"ಅವನು ಹೊಳೆಯನ್ನು ಏನೂ ಕೇಳಲಿಲ್ಲ.
ಚಪ್ಪಲಿ ಕಳಚಿ ದಡದಲ್ಲಿಟ್ಟ,
ಜೋಡಿಯಾಗಿ, ಮನೆಯ ಕಡೆಗೆ ಮುಖ ಮಾಡಿ,
ಮರಳಿ ಬರುವವನ ಹಾಗೆ."

ಮುಂದಿನ ಸಾಲಿಗೆ ಬಾಯಿ ತೆರೆದಾಗ ಅತ್ತೆ ಕೈ ಎತ್ತಿ ತಡೆದಳು. "ಇನ್ನೊಂದು ಸಲ ಓದು."

ಅವನು ಓದಿದ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಅತ್ತೆಯ ತುಟಿಗಳು ಈ ಸಲ ಅಲುಗಲಿಲ್ಲ, ಬರೀ ಕೇಳುತ್ತಿದ್ದಳು.

"ಆ ಚಪ್ಪಲಿ ಮೂಲದಲ್ಲೇ ಇತ್ತು" ಎಂದಳು ಕೊನೆಗೆ. "ನನ್ನ ಸಾಲಿಗೆ ಹಿಡಿಸಲಿಲ್ಲ. ಆ ಜಾಗ ತುಂಬಿಸೋಕೆ ಹರಿವ ಹೊಳೆಯೆ ಅಂತ ಎರಡೆರಡು ಸಲ ಹಾಕಿದೆ. ಎಲ್ಲರೂ ಅದನ್ನೇ ಹೊಗಳಿದ್ರು, ನಾನೂ ಬಾಯಿ ಮುಚ್ಕೊಂಡು ಕೂತೆ. ಅವನು ಚಪ್ಪಲಿ ಬಿಡಲಿಲ್ಲ ನೋಡು."

"ಬೇಜಾರಾಯ್ತಾ ಅತ್ತೆ?"

"ಬೇಜಾರಾ? ಇಷ್ಟು ವರ್ಷ ಆ ಮನುಷ್ಯ ಇದೇ ಊರಲ್ಲಿದ್ದ. ಒಂದು ಸಲ ಹೋಗಿ, ಚಪ್ಪಲಿ ಚೆನ್ನಾಗಿಟ್ರಿ ಅಂತ ಹೇಳ್ಬಹುದಿತ್ತು." ಮರುಗಳಿಗೆಗೆ ಅವಳು ಮತ್ತೆ ಭೂಗೋಳದ ಟೀಚರ್ ಆದಳು. "ನೀನು ನನ್ನದು ಓದ್ಲಿಲ್ಲ, ನಾನು ಅವರದು ಓದ್ಲಿಲ್ಲ. ಯಾರು ಯಾರನ್ನ ಬೈಯೋದು ಈಗ? ಕುರ್ಚಿ ಹತ್ರ ಎಳ್ಕೊ. ಗಟ್ಟಿಯಾಗಿ ಓದು, ನಿಧಾನವಾಗಿ ಓದು."

ಅತ್ತೆಯ ಬಾಯಲ್ಲಿ ಆ ಮನುಷ್ಯ ಮೊದಲ ಸಲ "ಅವರು" ಆಗಿದ್ದನ್ನು ರಟ್ಟಣ್ಣ ಗಮನಿಸಿದ. ಕುರ್ಚಿ ಎಳೆದುಕೊಂಡು ಓದತೊಡಗಿದ. ಕುಂಬಾರ ಬರಿಗಾಲಲ್ಲಿ ನೀರಿಗಿಳಿದ.