ಹಿತ್ತಲಿನ ಬರ್ಚ್ ಮರದ ರಸ

"ಒಂದೇ ಒಂದು ಗುಟುಕು ಕೊಡಕ್ಕಾ. ನರ್ಸು ಟೀ ಕುಡಿಯೋಕೆ ಹೋಗಿದ್ದಾಳೆ," ಎಂದ ತಿಮಫೇಯ್, ಆಸ್ಪತ್ರೆ ಕೋಣೆಯ ಗಾಜಿನ ಆಚೆಯಿಂದ, ಫೋನಿನಲ್ಲಿ.

ಕೋಟಿನೊಳಗೆ ಬಚ್ಚಿಟ್ಟು ತಂದಿದ್ದ ಬಾಟಲಿಯನ್ನು ಅವನಿಗೆ ತೋರಿಸಿದ್ದೇ ಪೌಲೀನಾಳ ತಪ್ಪು. ನಿನ್ನೆ ರಾದುನಿತ್ಸಾ, ಸತ್ತವರನ್ನು ನೆನೆಯುವ ಹಬ್ಬ. ವಿಕಿರಣ ಹರಡಿ ಊರು ಬಿಡಿಸಲ್ಪಟ್ಟವರು ಸಮಾಧಿಗಳ ಮೇಲೆ ಎಡೆಯಿಟ್ಟು ಬರಲೆಂದು ವರ್ಷಕ್ಕೊಮ್ಮೆ ಮುಳ್ಳುತಂತಿಯ ಗೇಟು ತೆರೆಯುವ ದಿನ. ಚಳಿ ಈ ಸಲ ತಡವಾಗಿ ಬಿಟ್ಟಿದ್ದರಿಂದ ಬಿಟ್ಟುಬಂದ ಮನೆಯ ಹಿತ್ತಲಿನ ಬರ್ಚ್ ಮರದಲ್ಲಿ ರಸ ಇನ್ನೂ ಇಳಿಯುತ್ತಿತ್ತು. ತೂತು ಕೊರೆದು ಬಾಟಲಿ ಕಟ್ಟಿ ಸಮಾಧಿಗಳ ಕಡೆ ಹೋದಳು. ಅಪ್ಪ ಅಮ್ಮನಿಗೆ ಬಣ್ಣದ ಮೊಟ್ಟೆ, ಬ್ರೆಡ್ಡು ಇಟ್ಟು, ಮನಸಾರೆ ಅತ್ತು ಬರುವಷ್ಟರಲ್ಲಿ ಬಾಟಲಿ ತುಂಬಿತ್ತು.

ಹತ್ತು ವರ್ಷದ ಹಿಂದೆ ಈ ತಮ್ಮ ಉರಿಯುತ್ತಿದ್ದ ಅಣು ರಿಯಾಕ್ಟರಿನ ಬೆಂಕಿ ಆರಿಸಲು ಲಾರಿಯಲ್ಲಿ ಮರಳು ಸಾಗಿಸಿದ್ದ. ಆಗ ಹೊಕ್ಕ ವಿಕಿರಣ ನಿಧಾನಕ್ಕೆ ಅವನ ಮೂಳೆಮಜ್ಜೆಯನ್ನು ತಿಂದುಹಾಕಿತ್ತು. ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳೇ ಹುಟ್ಟುತ್ತಿರಲಿಲ್ಲ. ಹೊಸ ಮಜ್ಜೆಗೆ ಜಾಗವಾಗಲೆಂದು ಅಳಿದುಳಿದಿದ್ದನ್ನೂ ವೈದ್ಯರು ಔಷಧಿ ಕೊಟ್ಟು ಸುಟ್ಟಿದ್ದರು. ನಾಳೆ ಬೆಳಿಗ್ಗೆ ಅಕ್ಕನ ಮಜ್ಜೆ ತೆಗೆದು ಅವನಿಗೆ ಏರಿಸಬೇಕು. ಅದು ಬೇರೂರುವವರೆಗೆ ಕುದಿಸದ ಒಂದು ಹನಿ ನೀರೂ ಅವನನ್ನು ಮುಗಿಸಿಬಿಡಬಹುದು.

"ನೆನಪಿದೆಯಾ, ಅಪ್ಪ ಆ ಕಡೆ ತಿರುಗಿದ್ದೇ ತಡ ನಾವಿಬ್ರೂ ಮರದ ಕೆಳಗೆ ನಾಲಿಗೆ ಚಾಚ್ಕೊಂಡು ನಿಲ್ತಿದ್ವಿ," ಎಂದ ಅವನು. "ನೀನು ಯಾವಾಗ್ಲೂ ನನ್ನ ತಳ್ತಿದ್ದೆ."

"ನೀನು ಕಚ್ತಿದ್ದೆ, ಕತ್ತೆ."

ಅವನು ನಕ್ಕ. ಹುಬ್ಬಿನಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. "ನಾಳೆ ಏನಾಗುತ್ತೋ ಯಾರಿಗ್ಗೊತ್ತು. ಇವತ್ತು ಕೊಡು."

ಊಟ ದಾಟಿಸುವ ಕಿಂಡಿ ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಚಿಕ್ಕಂದಿನಿಂದ ಅವನು ಕೇಳಿದ್ದನ್ನು ಅವಳು ಇಲ್ಲವೆಂದದ್ದೇ ಇಲ್ಲ. ಮುಚ್ಚಳ ತಿರುಗಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ, ಊರೆಲ್ಲ ಎದೆಗೆ ಬಂತು.

"ಕೊಡಲ್ಲ ಕಣೋ. ನೀನು ನಂಗೆ ಬೇಕು," ಎಂದಳು.

ಎದ್ದು ಹೋಗಿ, ಮೂಲೆಯ ಸಿಂಕಿಗೆ ಬಾಟಲಿಯನ್ನು ಬೋರಲು ಹಾಕಿದಳು. ಪೂರ್ತಿ ಬರಿದಾಗಲು ತುಂಬಾ ಹೊತ್ತು ಹಿಡಿಯಿತು. ತಿರುಗಿ ನೋಡಿದಾಗ ಅವನು ಗೋಡೆಯ ಕಡೆಗೆ ಹೊರಳಿ ಮಲಗಿದ್ದ. ಫೋನು ಹಾಸಿಗೆಯ ಮೇಲೆ ಬಿದ್ದಿತ್ತು. ಅವಳು ಮರಳಿ ಬಂದು ತನ್ನದನ್ನು ಕಿವಿಗೆ ಒತ್ತಿಕೊಂಡು ಕೂತಳು.

ಎಷ್ಟೋ ಹೊತ್ತಿನ ಮೇಲೆ ಅವನ ಕೈ ಫೋನಿಗಾಗಿ ಹಾಸಿಗೆಯ ಮೇಲೆ ತಡಕಾಡಿತು.

"ಅಕ್ಕಾ."

"ಹೇಳೋ."

"ಆ ಬಾಟ್ಲಿ ಮುಟ್ಟಿದ್ದೀಯ. ಹೋಗಿ ಕೈ ತೊಳ್ಕೋ. ಸೋಪು ಹಾಕಿ, ಚೆನ್ನಾಗಿ."

ಪೌಲೀನಾ ಸಿಂಕಿಗೆ ಹೋಗಿ, ಕೋಟಿನ ತೋಳು ಮಡಚಿ, ಮೊಣಕೈವರೆಗೂ ನೊರೆ ಬರಿಸಿ, ಅವನಿಗೆ ಕಾಣುವಂತೆ ಒಂದೊಂದೇ ಬೆರಳು ಉಜ್ಜತೊಡಗಿದಳು.