ನೀಲಿ ಮುಚ್ಚಳ, ಕಪ್ಪು ಮುಚ್ಚಳ

ನಾವು ವ್ಯಾನಿನಲ್ಲೇ ಇರುತ್ತೇವೆ ಎಂದರೆ ಸಾಕು, ಜನ ಕಣ್ಣರಳಿಸಿ "ಎಷ್ಟು ಪುಣ್ಯ ಮಾಡಿದ್ರಿ!" ಅನ್ನುತ್ತಿದ್ದರು. ಅವರೆಲ್ಲ ಒಂದು ವಾರ ಬಂದು ನಮ್ಮ ಟಾಯ್ಲೆಟ್ ಡಬ್ಬಿ ಹೊತ್ತು ನೋಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ತುಂಬಿದರೆ ಹದಿನೆಂಟು ಕಿಲೋ. ನಡೆಯುವಾಗ ಒಳಗೆ ತುಳುಕುತ್ತದೆ. ಆ ಸದ್ದು ನಮ್ಮದಲ್ಲವೇನೋ ಅನ್ನುವ ಹಾಗೆ ಎದುರು ಸಿಕ್ಕವರಿಗೆ ನಗಬೇಕು. ಮೂರು ವರ್ಷ ಹೊತ್ತಿದ್ದೇನೆ, ಮಾತಾಡುವ ಹಕ್ಕು ನನಗಿದೆ.

ನಮ್ಮವರು ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಮೂವತ್ತೊಂದು ವರ್ಷ ಒಂದೇ ದಾರಿ, ರೈಲು ನಿಲ್ದಾಣದಿಂದ ನೀರಿನ ಟ್ಯಾಂಕಿನವರೆಗೆ, ಅಲ್ಲಿಂದ ವಾಪಸ್ಸು. ಬಸ್ಸಿಗೆ ಒಂದು ಗೀರು ಬೀಳಲೂ ಬಿಟ್ಟವರಲ್ಲ. ನಾನು ಹೋಟೆಲೊಂದರ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಯಾರು ಯಾರೋ ಮಲಗುವ ಹಾಸಿಗೆಗಳ ಚಾದರಕ್ಕೆ ಇಸ್ತ್ರಿ ಹಾಕಿದವಳು. ನಿವೃತ್ತಿಯಾದ ತಿಂಗಳೇ ಇವರು ಬ್ರೆಡ್ ಸಾಗಿಸುತ್ತಿದ್ದ ಹಳೇ ವ್ಯಾನೊಂದನ್ನು ಮನೆ ಮುಂದೆ ತಂದು ನಿಲ್ಲಿಸಿದರು. "ಗಂಟೆ ಹೊಡೆಯೋರು ಯಾರೂ ಇಲ್ದೆ ಒಂದ್ಸಲ ಗಾಡಿ ಓಡಿಸ್ಬೇಕು ಕಣೆ. ಒಂದೇ ವರ್ಷ." ಎಂಟು ತಿಂಗಳು ಗರಗಸ, ಸ್ಕ್ರೂ, ಅಂಟು ಅಂತ ಇಬ್ಬರೂ ಒದ್ದಾಡಿ ಒಳಗೊಂದು ಮಂಚ, ಒಲೆ, ಮೇಲೆ ಎರಡು ಸೋಲಾರ್ ಹಲಗೆ, ಕೆಳಗೆ ಅರವತ್ತು ಲೀಟರಿನ ನೀರಿನ ಟ್ಯಾಂಕು ಕೂರಿಸಿದೆವು. ಬಾಡಿಗೆ ಮನೆ ಬಿಟ್ಟು ಹೊರಟೆವು.

ಮೊದಲ ವರ್ಷ ಚೆನ್ನಾಗಿತ್ತು. ಇಲ್ಲ ಅಂದರೆ ಬಾಯಿಗೆ ಹುಳ ಬಿದ್ದೀತು. ಬೆಳಗ್ಗೆ ಬಾಗಿಲು ಜಾರಿಸಿದರೆ ಒಂದು ದಿನ ಸಮುದ್ರ, ಒಂದು ದಿನ ಕಾಡು. ಇವರು ಬರಿಗಾಲಲ್ಲಿ ಇಳಿದು ಚಹಾ ಲೋಟ ಹಿಡಿದು ನಿಲ್ಲುತ್ತಿದ್ದರು, ಮದುವೆಯಾದ ಹೊಸತರಲ್ಲಿದ್ದ ಮುಖ.

ಆದರೆ ಒಂದು ವರ್ಷ ಅಂದದ್ದು ಎರಡಾಯಿತು, ಮೂರನೆಯದಕ್ಕೆ ಕಾಲಿಟ್ಟಿತು. ಆ ವ್ಯಾನಿನಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ. ಹಾಗಾಗಿ ಏಳುವ ಮೊದಲು "ಎದ್ದೆ" ಅಂತ ಹೇಳುವುದು ನಮ್ಮ ಕಟ್ಟಳೆಯಾಗಿತ್ತು. ಹೇಳದೆ ಎದ್ದರೆ ಹಣೆಗೆ ಹಣೆ ಗ್ಯಾರಂಟಿ. ಮಂಚ ಮಡಚಿದರೇ ಮೇಜು, ಮೇಜು ಎತ್ತಿದರೇ ಅಕ್ಕಿ ಡಬ್ಬಿ. ಬೇಕಾದ ವಸ್ತು ಯಾವಾಗಲೂ ಎಲ್ಲದರ ಅಡಿಗೇ ಇರುತ್ತದೆ, ಅದೇನು ಶಾಪವೋ. ಎರಡು ದಿನ ಮೋಡ ಕವಿದರೆ ಬ್ಯಾಟರಿ ಇಳಿಯುತ್ತದೆ, ಫ್ರಿಜ್ಜು ಬಂದ್, ದೀಪ ಬಂದ್. ನಮ್ಮದೇ ಉಸಿರು ತಗಡಿಗೆ ತಾಗಿ ನೀರಾಗಿ ಹಾಸಿಗೆಯ ಅಡಿ ಬೂಸ್ಟು ಹಿಡಿಯುತ್ತದೆ. ಜನ್ಮವಿಡೀ ಗರಿಗರಿ ಚಾದರ ಮುಟ್ಟಿದ ಕೈ ನನ್ನದು, ಆ ಹಸಿ ಹಾಸಿಗೆಯ ಮೇಲೆ ಮಲಗುವಾಗ ಪ್ರತಿದಿನ ಅಳು ಬರುತ್ತಿತ್ತು. ಅಳುವುದಕ್ಕಾದರೂ ಒಂದು ಕೋಣೆ ಬೇಕಲ್ಲ? ಜಗಳವಾಡಿ ಬಾಗಿಲು ಬಡಿದು ಹೋಗೋಣವೆಂದರೆ ಅದು ಜಾರುವ ಬಾಗಿಲು. ಜೋರಾಗಿ ತಳ್ಳಿದರೆ ಬಡಿದು ವಾಪಸ್ಸು ತೆರೆದುಕೊಳ್ಳುತ್ತದೆ. ನನ್ನ ಸಿಟ್ಟಿಗೆ ಮರ್ಯಾದೆಯೇ ಇರಲಿಲ್ಲ.

ಇದನ್ನೆಲ್ಲ ಹೇಗೋ ಸಹಿಸಿಕೊಂಡೇನು ಅಂದುಕೊಂಡಿದ್ದೆ. ಇನ್ನೊಂದು ಶುರುವಾಯಿತು.

ಮನೆಯಲ್ಲಾದರೆ ಮರೆವು ಮರೆಯಾಗಿರುತ್ತದೆ. ಕನ್ನಡಕ ಆ ಕೋಣೆಯಲ್ಲಿಲ್ಲದಿದ್ದರೆ ಈ ಕೋಣೆಯಲ್ಲಿ ಸಿಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವ್ಯಾನಿನಲ್ಲಿ ಪ್ರತಿಯೊಂದಕ್ಕೂ ಒಂದೇ ಜಾಗ, ಆ ಜಾಗಗಳನ್ನು ಮಾಡಿದವರೂ ಇವರೇ. ಚಕ್ರಕ್ಕೆ ಒತ್ತಿಡುವ ಮರದ ದಿಮ್ಮಿ ಒಂದು ದಿನ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಇನ್ನೊಂದು ದಿನ ಹಲ್ಲುಜ್ಜುವ ಬ್ರಷ್ಷು ಉಪಕರಣಗಳ ಪೆಟ್ಟಿಗೆಯಲ್ಲಿ. "ಏನ್ರೀ ಇದು?" ಎಂದರೆ "ನೀನೇ ಇಟ್ಟಿರ್ತೀಯ" ಅನ್ನುತ್ತಿದ್ದರು. ಇರಬಹುದೇನೋ ಅಂತ ನಾನೂ ಸುಮ್ಮನಾದೆ. ಕಂಡೂ ಕಾಣದ ಹಾಗಿರುವುದು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ.

ಆಮೇಲೆ ಒಂದು ಮಧ್ಯಾಹ್ನ, ತಿರುವಿರುವ ರಸ್ತೆಯಲ್ಲಿ ಹೋಗುತ್ತಿದ್ದಾಗ, ಇವರು ವ್ಯಾನನ್ನು ನಿಧಾನ ಮಾಡಿ ರಸ್ತೆಯ ಮೇಲೇ ನಿಲ್ಲಿಸಿಬಿಟ್ಟರು. ಇಂಜಿನ್ ಆರಿಸಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಎಡಗಡೆಯ ಕನ್ನಡಿ ನೋಡುತ್ತಾ ಕಾದರು. ಹಿಂದೆ ಒಂದು ಲಾರಿ ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯುತ್ತಿತ್ತು.

"ಇಳಿದ್ರಾ ಎಲ್ರೂ?" ಎಂದು ಕೇಳಿದರು.

ನಾನು ಹೊರಗೆ ನೋಡಿದೆ. ಖಾಲಿ ರಸ್ತೆ, ಪೊದೆ, ಒಂದು ಕಲ್ಲಿನ ಗೋಡೆ. ಏನು ಹೇಳಲಿ?

"ಇಳಿದ್ರು. ಹೋಗೋಣ," ಎಂದೆ. ಇವರು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಅಚ್ಚುಕಟ್ಟಾಗಿ ಹೊರಟರು.

ಅವತ್ತಿನಿಂದ ವ್ಯಾನ್ ಚಲಿಸಿದಷ್ಟು ಹೊತ್ತೂ ನಾನು ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ನಿಲ್ಲಿಸೋಣ ಅಂತ ನಾಲ್ಕು ಸಲ ಹೇಳಿದೆ. ಸೊಂಟ ನೋವು ಅಂದೆ, ಮಗಳನ್ನು ನೋಡಬೇಕು ಅಂದೆ. ನಿಜವಾದ ಕಾರಣ ಮಾತ್ರ ನಾಲಿಗೆಗೆ ಬರಲಿಲ್ಲ. ಮೂವತ್ತೊಂದು ವರ್ಷ ಒಂದು ಗೀರೂ ಇಲ್ಲದೆ ಓಡಿಸಿದ ಮನುಷ್ಯನಿಗೆ ನಿಮ್ಮ ಕೈಗೆ ಇನ್ನು ಗಾಡಿ ಕೊಡಬಾರದು ಅಂತ ಹೇಗೆ ಹೇಳುವುದು? ಇವರದು ಪ್ರತಿ ಸಲವೂ ಒಂದೇ ಉತ್ತರ. "ನಿಂತರೆ ನಾನು ತುಕ್ಕು ಹಿಡೀತೀನಿ ಕಣೆ."

ಕೊನೆಗೆ ನಾವು ನಿಂತದ್ದು ಒಂದು ನದಿಯ ಪಕ್ಕದ ಬಯಲಿನಲ್ಲಿ. ಕರೆಂಟಿಲ್ಲ, ಫೋನು ಹಿಡಿಯುವುದಿಲ್ಲ, ಇಡೀ ಬಯಲಿಗೆ ಒಂದೇ ನಲ್ಲಿ. ಮೂರು ದಿನ ಮೋಡ ಸರಿದಿರಲಿಲ್ಲ. ಸೋಲಾರಿನ ಬ್ಯಾಟರಿ ಸತ್ತಿತ್ತು, ಒದ್ದೆ ಬಟ್ಟೆಯ ವಾಸನೆಯಲ್ಲಿ ಇಬ್ಬರೂ ಮಾತಿಲ್ಲದೆ ಕೂತು ಕೂತು ಬೇಸತ್ತಿದ್ದೆವು. ನಾಲ್ಕನೆಯ ಬೆಳಗ್ಗೆ ಇವರು ನಕ್ಷೆ ಮಡಚಿ, "ನೀರು ತುಂಬಿಸ್ಕೊಂಡು ಹೊರಡೋಣ. ಬೆಟ್ಟ ದಾಟಿದ್ರೆ ಬಿಸಿಲಿದೆ," ಎಂದರು. ಬೆಟ್ಟದ ದಾರಿಯನ್ನು ನಾನು ನಕ್ಷೆಯಲ್ಲಿ ನೋಡಿದ್ದೆ. ಮಕ್ಕಳು ಗೀಚಿದ ಗೆರೆಯಂತಿತ್ತು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ನೀರು ತುಂಬಿಸುವಾಗ ನಾನು ನಲ್ಲಿಯ ಹತ್ತಿರ, ಇವರು ಪೈಪಿನ ಇನ್ನೊಂದು ತುದಿ ಹಿಡಿದು ವ್ಯಾನಿನ ಹತ್ತಿರ. ಇವರು "ಬಿಡು" ಎಂದಾಗ ನಾನು ನಲ್ಲಿ ತಿರುಗಿಸಬೇಕು, "ಸಾಕು" ಎಂದಾಗ ನಿಲ್ಲಿಸಬೇಕು. ನೀರಿನ ಬಾಯಿ, ಡೀಸೆಲ್ಲಿನ ಬಾಯಿ ಎರಡೂ ವ್ಯಾನಿನ ಒಂದೇ ಮಗ್ಗುಲಲ್ಲಿ, ಒಂದು ಮೊಳದ ಅಂತರದಲ್ಲಿ. ತಪ್ಪಾಗಬಾರದೆಂದು ಇವರೇ ನೀರಿನದಕ್ಕೆ ನೀಲಿ ಬಣ್ಣ, ಡೀಸೆಲ್ಲಿನದಕ್ಕೆ ಕಪ್ಪು ಬಣ್ಣ ಬಳಿದಿದ್ದರು.

ಇವರು ಕಪ್ಪು ಮುಚ್ಚಳ ತೆಗೆದರು. ನಾನು ನೋಡುತ್ತಿದ್ದೆ. ಪೈಪನ್ನು ಅದರೊಳಗೆ ಇಳಿಸಿದರು, ಮಗುವಿಗೆ ಅಂಗಿ ತೊಡಿಸುವ ಹಾಗೆ ಮೆತ್ತಗೆ.

"ಬಿಡು," ಎಂದರು.

ಹತ್ತು ಹೆಜ್ಜೆಯ ದೂರ. "ರೀ, ಅದಲ್ಲ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನನ್ನ ತುಟಿ ಪಿಟಕ್ಕೆನ್ನಲಿಲ್ಲ. ನಲ್ಲಿ ತಿರುಗಿಸಿದೆ. ಇವರ ಜೀವ ಉಳಿಸಲೆಂದು ಹಾಗೆ ಮಾಡಿದೆ ಅಂದರೆ ಅದು ಅರ್ಧ ಸತ್ಯ. ಇನ್ನರ್ಧ, ನನಗೆ ಸಾಕು ಸಾಕಾಗಿ ಹೋಗಿತ್ತು. ಗೋಡೆ ಇರುವ ಮನೆ ಬೇಕಿತ್ತು. ಒಣಗಿದ ಹಾಸಿಗೆ ಬೇಕಿತ್ತು. ಆ ಎರಡರಲ್ಲಿ ಯಾವುದು ನಲ್ಲಿ ತಿರುಗಿಸಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ನೀರು ಉಕ್ಕಿ ಕೆಳಗೆ ಚೆಲ್ಲಿತು. ಮಣ್ಣಿನ ಮೇಲೆ ಡೀಸೆಲ್ಲು ಬಣ್ಣ ಬಣ್ಣವಾಗಿ ಹರಡಿತು. "ಸಾಕು," ಎಂದರು ಇವರು, ಕಪ್ಪು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಕೈ ಒರೆಸಿಕೊಂಡರು.

ಗಾಡಿ ಸ್ಟಾರ್ಟೇ ಆಗುವುದಿಲ್ಲ ಅಂದುಕೊಂಡಿದ್ದೆ. ಗಾಡಿಯ ವಿಷಯ ನನಗೇನು ಗೊತ್ತು? ಕೊಳವೆಯಲ್ಲಿ ಮೊದಲೇ ಇದ್ದ ಡೀಸೆಲ್ಲಿಗೆ ಅದು ಗುರ್ರೆಂದು ಶುರುವಾಗಿ ಹೊರಟೇಬಿಟ್ಟಿತು. ಬಯಲಿನ ಗೇಟು ದಾಟಿದರೆ ರಸ್ತೆಯವರೆಗೆ ಕಡಿದಾದ ಇಳಿಜಾರು. "ನಿಲ್ಸಿ, ನಿಲ್ಸಿ" ಎಂದು ಕಿರುಚಿದೆ. ಇವರು ಏನೆಂದು ತಿರುಗುವಷ್ಟರಲ್ಲಿ ಇಂಜಿನ್ ಎರಡು ಸಲ ಕೆಮ್ಮಿ, ಸತ್ತು, ವ್ಯಾನು ತನ್ನಷ್ಟಕ್ಕೆ ಇಳಿಜಾರಿಗೆ ಮೂತಿ ಹಾಕಿತು. ಇಂಜಿನ್ ಇಲ್ಲದೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗಿತ್ತು. ಇವರು ಎರಡೂ ಕಾಲು ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರವನ್ನು ದಿಬ್ಬಕ್ಕೆ ತಿರುಗಿಸಿ ನಿಲ್ಲಿಸಿದರು. ಆ ಕೈಗಳು ಏನನ್ನೂ ಮರೆತಿರಲಿಲ್ಲ. ನಾನು ಅಲ್ಲೇ ಕೂತು ಗೊಳೋ ಅಂತ ಅತ್ತೆ. ಇವರು ನನಗೆ ಹೆದರಿಕೆಯಾಗಿದೆ ಅಂದುಕೊಂಡು ಬೆನ್ನು ಸವರಿದರು.

ಒಂದು ಮೈಲಿ ನಡೆದು ಫೋನು ಹಿಡಿಯುವ ಕಡೆ ಹೋಗಿ ಮೆಕ್ಯಾನಿಕ್ಕಿಗೆ ಹೇಳಿ ಬಂದೆ. ಅವನು ಮರುದಿನ ಮಧ್ಯಾಹ್ನ ಬಂದ, ನಲವತ್ತೈದರ ಮನುಷ್ಯ, ಹಣೆಯ ಮೇಲೆ ಕನ್ನಡಕ. ವ್ಯಾನಿನಡಿ ಮಲಗಿ ಒಂದು ಗಾಜಿನ ಬಾಟಲಿಗೆ ಟ್ಯಾಂಕಿನದನ್ನು ಸ್ವಲ್ಪ ಇಳಿಸಿಕೊಂಡು ಬೆಳಕಿಗೆ ಹಿಡಿದ. ಕೆಳಗೆ ನೀರು, ಮೇಲೆ ತೆಳ್ಳಗೆ ಡೀಸೆಲ್ಲು.

"ಟ್ಯಾಂಕಿಗೆ ನೀರು ಹಾಕಿದ್ದೀರಲ್ರೀ! ಯಾರ್ರೀ ಹಾಕಿದ್ದು?"

ಇವರು ಬಾಟಲಿ ನೋಡಿದರು. ಆಮೇಲೆ ತಮ್ಮ ಎರಡೂ ಕೈ ನೋಡಿಕೊಂಡರು. ಮುಖದ ಮೇಲೆ ಏನೋ ಹುಡುಕಾಟ, ಸಿಗದ ಗಾಬರಿ. ನಿನ್ನೆಯ ಬೆಳಗ್ಗೆ ಇವರ ತಲೆಯಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಇವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾನೇ," ಎಂದೆ. "ನಾನೇ ಹಾಕಿದ್ದು."

ಮೆಕ್ಯಾನಿಕ್ಕು ತುಟಿ ಕಚ್ಚಿಕೊಂಡು ಬೇರೆ ಕಡೆ ನೋಡಿದ. ಇವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಆ ಮುಖಕ್ಕೆ ಬಣ್ಣ ಮರಳಿದ್ದನ್ನು ನಾನು ಕಣ್ಣಾರೆ ಕಂಡೆ.

"ನೀನಾ? ಅಲ್ವೇ, ಅದಕ್ಕೇ ಅಲ್ವಾ ಬಣ್ಣ ಬಳಿದು ಕೊಟ್ಟಿದ್ದು? ನೀಲಿ ನೀರಿಗೆ, ಕಪ್ಪು ಡೀಸೆಲ್ಲಿಗೆ. ಎಷ್ಟು ಸಲ ಹೇಳಿದ್ದೀನಿ!" ಪರರ ಮುಂದೆ ಚೆನ್ನಾಗಿ ಬೈದರು. ಬೇರೆ ದಿನವಾಗಿದ್ದರೆ ಒಂದಕ್ಕೆರಡು ಕೊಡುತ್ತಿದ್ದೆ. ಅವತ್ತು ತಲೆ ತಗ್ಗಿಸಿ ನಿಂತು ಎಲ್ಲ ಬೈಗುಳವನ್ನೂ ತೆಗೆದುಕೊಂಡೆ. ಅದರಲ್ಲಿ ನನಗೆ ಸಲ್ಲಬೇಕಾದದ್ದೂ ಇತ್ತು.

ಮೆಕ್ಯಾನಿಕ್ಕು ವ್ಯಾನನ್ನು ತನ್ನ ಲಾರಿಗೆ ಕಟ್ಟುತ್ತಿದ್ದಾಗ ನಾವಿಬ್ಬರೂ ದಿಬ್ಬದ ಮೇಲೆ ಕೂತಿದ್ದೆವು. ಇವರ ಸಿಟ್ಟು ಇಳಿದಿತ್ತು. ನನ್ನ ಕೈ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಬೇಜಾರ್ ಮಾಡ್ಕೋಬೇಡ. ನಿನಗೂ ವಯಸ್ಸಾಯ್ತು. ನಾನೇ ಗಮನಿಸ್ಬೇಕಿತ್ತು, ಮೊನ್ನೆ ಮೊನ್ನೆ ಅಕ್ಕಿ ಡಬ್ಬೀಲಿ ದಿಮ್ಮಿ ಇಟ್ಟಿದ್ದೆ ನೀನು. ಸಾಕು ಬಿಡು. ನಿಲ್ಸೋಣ. ರಸ್ತೇನೂ ನೋಡ್ಕೊಂಡು ನಿನ್ನನ್ನೂ ನೋಡ್ಕೊಳ್ಳೋದು ನನ್ನ ಕೈಲಾಗಲ್ಲ."

ಎಷ್ಟೋ ದಿನದಿಂದ ಕೇಳಲು ಕಾದಿದ್ದ ಮಾತು. ಕೇಳಿದಾಗ ಎದೆಯ ಮೇಲೆ ಯಾರೋ ಕಲ್ಲು ಹೇರಿದಂತಾಯಿತು. ತನಗೋಸ್ಕರ ಬಿಡದಿದ್ದ ರಸ್ತೆಯನ್ನು ಈ ಮನುಷ್ಯ ನನಗೋಸ್ಕರ ಬಿಟ್ಟ.

ಈಗ ಮಗಳ ಮನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಗೋಡೆಗಳಿವೆ. ಹಾಸಿಗೆ ಒಣಗಿದೆ, ಚಾದರಕ್ಕೆ ನಾನೇ ಇಸ್ತ್ರಿ ಹಾಕುತ್ತೇನೆ. ಬಾಗಿಲು ಬಡಿದರೆ ಬಡಿದಂತೆ ಮುಚ್ಚಿಕೊಳ್ಳುತ್ತದೆ, ಆದರೆ ಬಡಿಯುವುದಕ್ಕೆ ಜಗಳವೇ ಇಲ್ಲ. ಇಷ್ಟು ದೊಡ್ಡ ಕೋಣೆಯಲ್ಲೂ ಇವರು ಕುರ್ಚಿ ಬಿಟ್ಟು ಏಳುವ ಮೊದಲು "ಎದ್ದೆ" ಅನ್ನುತ್ತಾರೆ. ನಾನು ಒಲೆಯ ಮುಂದೆ ನಿಂತಿದ್ದರೂ ಒಂದು ಗಳಿಗೆ ಕೂತು ಏಳುತ್ತೇನೆ.

ವೈದ್ಯರು ಇವರ ಮರೆವಿಗೆ ಒಂದು ಹೆಸರಿಟ್ಟಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ಮಗಳ ಹೆಸರು ಒಮ್ಮೊಮ್ಮೆ ತಪ್ಪುತ್ತದೆ. ರೈಲು ನಿಲ್ದಾಣದಿಂದ ನೀರಿನ ಟ್ಯಾಂಕಿನವರೆಗಿನ ನಿಲ್ದಾಣಗಳಲ್ಲಿ ಅರ್ಧ ಅಳಿಸಿಹೋಗಿವೆ. ಸಮುದ್ರವಂತೂ ನೆನಪೇ ಇಲ್ಲ. ಆದರೆ ಬಂದವರಿಗೆಲ್ಲ ಒಂದು ಕಥೆ ತಪ್ಪದೆ ಹೇಳುತ್ತಾರೆ. "ನಮ್ಮವಳು ಡೀಸೆಲ್ ಟ್ಯಾಂಕಿಗೆ ನೀರು ತುಂಬಿಸಿದ್ಲು ನೋಡಿ! ಪಾಪ, ಮರೆವು. ಅದಕ್ಕೇ ನಾನು ಗಾಡಿ ಬಿಟ್ಟೆ, ಇವಳನ್ನ ನೋಡ್ಕೊಳ್ಳೋಕೆ." ಬಂದವರು ನನ್ನ ಕಡೆ ನೋಡುತ್ತಾರೆ. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತೇನೆ. ಎಲ್ಲ ಹೋಗಿ ನನ್ನ ಸುಳ್ಳೊಂದೇ ಇವರ ತಲೆಯಲ್ಲಿ ಉಳಿದುಕೊಂಡಿತು.

ಬೆಳಗ್ಗೆ ಚಹಾಕ್ಕೆ ನೀರು ಹಿಡಿಯಲು ನಾನು ಕೆಟಲ್ ತೆಗೆದುಕೊಂಡರೆ ಸಾಕು, "ಎದ್ದೆ" ಎಂದು ಹಿಂದೆಯೇ ಬರುತ್ತಾರೆ. ನಲ್ಲಿಯನ್ನು ನನ್ನ ಕೈಗೆ ಕೊಡುವುದಿಲ್ಲ. ಕೆಟಲಿನ ಬಾಯನ್ನು ಬಗ್ಗಿ ನೋಡುತ್ತಾರೆ, ಅದು ನಲ್ಲಿಯ ಕೆಳಗೇ ಇದೆಯೋ ಇಲ್ಲವೋ ಅಂತ ಇನ್ನೊಮ್ಮೆ ನೋಡುತ್ತಾರೆ. ನಲ್ಲಿಯ ಮೇಲೆ ಕೈಯಿಟ್ಟು, ತಿರುಗಿಸುವ ಮೊದಲು ನನ್ನ ಮುಖ ನೋಡಿ ಕೇಳುತ್ತಾರೆ:

"ಸರಿಯಾಗಿದೆಯಾ? ಬಿಡಲಾ?"

ಅವತ್ತು ನಾನು ಇವರನ್ನು ಕೇಳಬೇಕಿದ್ದ ಮಾತು ಅದು. ಪ್ರತಿದಿನ ಬೆಳಗ್ಗೆ ಇವರು ನನ್ನನ್ನು ಕೇಳುತ್ತಾರೆ, ಪ್ರತಿದಿನ ನಾನು "ಹೂಂ, ಬಿಡಿ" ಅನ್ನುತ್ತೇನೆ.